ಸೋಮವಾರದ ಮೇಜು

ಜನವರಿ 10, ಮಂಗಳವಾರ

ಇವತ್ತು ಪಾರ್ಸೆಲ್ ತಂದವನಿಗೆ ಬಾಗಿಲು ತೆಗೆದು, "ನನ್ನ ದನಿ ಕೇಳಿಸ್ತಿದೆಯಾ?" ಎಂದು ಕೇಳಿಬಿಟ್ಟೆ. ಅವನು ನನ್ನಿಂದ ಒಂದು ಮಾರು ದೂರದಲ್ಲೂ ಇರಲಿಲ್ಲ. "ಕೇಳಿಸ್ತಿದೆ ಮೇಡಂ, ಇಲ್ಲೊಂದು ಸೈನ್ ಹಾಕಿ" ಅಂದ. ಬಾಗಿಲು ಹಾಕಿಕೊಂಡ ಮೇಲೆ ನಗು ಬಂತು. ಸ್ವಲ್ಪ ಹೊತ್ತಿಗೆ ನಗು ಹೋಯಿತು. ವಾರವಿಡೀ ನಾನು ಒಬ್ಬ ಮನುಷ್ಯನ ಎದುರು ನಿಂತು ಆಡಿದ ಮಾತು ಅದೊಂದೇ.

ಇದು ನನ್ನೊಬ್ಬಳ ತಾಪತ್ರಯವಲ್ಲ. ಇದೊಂದು ವ್ಯವಸ್ಥೆ. ಕಾರ್ಮಿಕ ಸಂಘದ ಪುಸ್ತಿಕೆಯಲ್ಲಿ ಸ್ಪಷ್ಟವಾಗಿದೆ: ಬಿಡಿಬಿಡಿಯಾಗಿ ಕೂರಿಸಿದ ದುಡಿಮೆಗಾರ ಮೊದಲು ಜೊತೆಯನ್ನು ಕಳೆದುಕೊಳ್ಳುತ್ತಾನೆ, ಆಮೇಲೆ ದನಿಯನ್ನು. ನಾನು ಆ ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದಿದ್ದೇನೆ.

ನಾವು ಗುದ್ದಿದ ಕಾರುಗಳ ಫೋಟೊ ನೋಡಿ ವಿಮೆಯ ಪರಿಹಾರ ಸಲ್ಲುತ್ತದೋ ಇಲ್ಲವೋ ಹೇಳುವವರು. ತಗ್ಗು ಹೊಸದೋ ಹಳೆಯದೋ, ಗೀರು ಕಂಬದ್ದೋ ಗೋಡೆಯದೋ, ಬಣ್ಣದ ಕೆಳಗೆ ತುಕ್ಕು ಮೊದಲೇ ಇತ್ತೋ. ಎಂಟು ಜನ, ಎಂಟು ಮನೆ, ಎಂಟು ತೆರೆ. ಪ್ರತಿ ಸೋಮವಾರ ಬಿಡಿಸಲಾಗದ ಕೇಸುಗಳಿಗಾಗಿ ವಿಡಿಯೊ ಸಭೆ. ನಮ್ಮ ಮುಖ್ಯಸ್ಥರು ಮ್ಯೂಟ್ ತೆಗೆಯಲು ಮರೆತು ಐದು ನಿಮಿಷ ಮಾತಾಡುತ್ತಾರೆ, ಯಾರೂ ಎಚ್ಚರಿಸುವುದಿಲ್ಲ. ಅವರಿಗೆ ಮ್ಯೂಟ್ ಸಾಹೇಬರು ಎಂದೇ ಹೆಸರು.

ನಿನ್ನೆಯ ಸಭೆಯಲ್ಲಿ ಅವರು ಮ್ಯೂಟ್ ತೆಗೆದ ಮೇಲೆ ಹೇಳಿದ್ದು: ಮೂರು ವರ್ಷದಿಂದ ಬೀಗ ಹಾಕಿರುವ ನಮ್ಮ ಆಫೀಸಿನ ಮಹಡಿಯನ್ನು ಕಂಪನಿ ಬಿಟ್ಟುಕೊಡುತ್ತಿದೆ. ಮೇಜು, ಕುರ್ಚಿ ಎಲ್ಲ ಹರಾಜಿಗೆ. ಯಾರೂ ಚಕಾರ ಎತ್ತಲಿಲ್ಲ. ನಮ್ಮ ಎಂಟು ಜನರಲ್ಲೊಬ್ಬ ಗಡ್ಡದಣ್ಣ, ಅವನು ಮಾತ್ರ ಹೆಬ್ಬೆರಳಿನ ಚಿತ್ರ ಒತ್ತಿದ.

ನಾನು ಕೆಲಸಕ್ಕೆ ಸೇರುವ ಮೊದಲೇ ಆ ಮಹಡಿಗೆ ಬೀಗ ಬಿದ್ದಿತ್ತು. ಆ ಮೇಜಿನ ಸುತ್ತ ನಾನು ಒಂದು ದಿನವೂ ಕೂತಿಲ್ಲ. ಆದರೂ ಅದನ್ನು ಹರಾಜು ಹಾಕಲು ಬಿಡುವುದಿಲ್ಲ.

ಜನವರಿ 12, ಗುರುವಾರ

ಮಧ್ಯಾಹ್ನ ದೊಡ್ಡಕ್ಕನ ಜೊತೆ ಎಂದಿನ ಕರೆ. ನಮ್ಮಲ್ಲಿ ಅತ್ಯಂತ ಹಳಬರು ಅವರು, ಎಲ್ಲರಿಗೂ ದೊಡ್ಡಕ್ಕ. ಸಂಶಯದ ಫೋಟೊ ಬಂದರೆ ನಾನು ಅವರಿಗೇ ತೋರಿಸುವುದು. ಫೋನ್ ಮಾಡಿದರೆ ಎತ್ತುವುದೇ ಇಲ್ಲ, "ವಿಡಿಯೊಗೆ ಬಾ" ಎಂದು ಸಂದೇಶ ಕಳಿಸುತ್ತಾರೆ. ವಿಡಿಯೊಗೆ ಹೋದರೆ ಅವರ ಕ್ಯಾಮೆರಾ ಯಾವತ್ತೂ ಬಂದ್. ಕಪ್ಪು ಚೌಕ, ಅದರೊಳಗಿಂದ ಅವರ ದನಿ.

"ಏನಮ್ಮ ಕ್ರಾಂತಿ, ಊಟ ಆಯ್ತಾ?"

ಈ ಅಡ್ಡಹೆಸರು ಗಡ್ಡದಣ್ಣ ಇಟ್ಟದ್ದು. ಅವನ ಬಾಯಲ್ಲಿ ಅದು ಚುಚ್ಚುತ್ತದೆ, ಇವರ ಬಾಯಲ್ಲಿ ಇಲ್ಲ.

"ಆಯ್ತು" ಅಂದೆ. ಆಗಿರಲಿಲ್ಲ.

"ಮುಖಕ್ಕೆ ಸ್ವಲ್ಪ ಬೆಳಕು ಹಾಕ್ಕೊಳೇ. ಕತ್ತಲೆಯೊಳಗೆ ಗೂಬೆ ಕೂತ ಹಾಗೆ ಕೂತಿದೀಯ."

ತಮ್ಮ ಮುಖ ತೋರಿಸದವರಿಗೆ ನನ್ನ ಮುಖದ ಉಸಾಬರಿ ಯಾಕೋ! ಆದರೂ ಎದ್ದು ಪರದೆ ಸರಿಸಿದೆ. ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬಡಿದುಕೊಳ್ಳುತ್ತಿತ್ತು. ಗದ್ದಲಕ್ಕೆ ಕ್ಷಮೆ ಕೇಳಿದರೆ, "ಯಾವ ಗದ್ದಲ? ನಂಗೇನೂ ತೊಂದ್ರೆಯಿಲ್ಲ" ಅಂದರು. ಅಷ್ಟು ಸಹನೆ ನನಗಿಲ್ಲ.

ಬೆಳ್ಳಿ ಬಣ್ಣದ ಕಾರಿನ ಹಿಂಬಾಗಿಲ ತಗ್ಗನ್ನು ನೋಡಿ, "ಇದು ಗುದ್ದಿದ್ದಲ್ಲ, ಯಾರೋ ಕೋಪದಲ್ಲಿ ಒದ್ದಿರೋದು. ಶೂ ತುದಿ ನೋಡು" ಅಂದರು. ನೋಡಿದೆ. ಶೂ ತುದಿಯೇ!

ಮಹಡಿಯ ಮಾತು ತೆಗೆದೆ. ದೊಡ್ಡಕ್ಕ ಮತ್ತೆ ಆ ಕೆಂಪು ಕಾರಿನ ಕಥೆ ಹೇಳಿದರು. ಅವರ ಮಗನ ಆಟದ ಕಾರು. ಒಂದು ದಿನ ಅದನ್ನು ಆಫೀಸಿಗೆ ತಂದರಂತೆ. ಕೇಸು ಬಿಡಿಸಲಾಗದಿದ್ದಾಗ ಅದನ್ನು ಮೇಜಿನ ಮೇಲೆ ಓಡಿಸಿ, ಲೋಟವನ್ನು ಕಂಬ ಮಾಡಿ, ಕಡತವನ್ನು ಗೋಡೆ ಮಾಡಿ, ಗುದ್ದಿಸಿ ನೋಡುತ್ತಿದ್ದರಂತೆ. "ಒಬ್ಬರ ಕೈಯಿಂದ ಒಬ್ಬರು ಕಿತ್ಕೊಂಡು ಗುದ್ದಿಸೋರು ಕಣೆ. ಸುಳ್ಳು ಹೇಳೋ ಕಾರು ಅಲ್ಲಿ ಸಿಕ್ಕಿಬೀಳ್ತಿತ್ತು." ಆ ಕಾರು ಇನ್ನೂ ಅಲ್ಲೇ, ಮೇಜಿನ ಖಾನೆಯಲ್ಲೇ ಇದೆಯಂತೆ.

ಅವರ ದನಿಯಲ್ಲಿ ಎಂಥ ಆಸೆಯಿತ್ತು! ಈ ಹೋರಾಟ ಅವರಿಗಾಗಿಯೂ ಹೌದು.

ಜನವರಿ 16, ಸೋಮವಾರ

ಸಭೆಯ ಕೊನೆಗೆ, ಸಾಹೇಬರು ಹೋದ ಮೇಲೆ, ಎಲ್ಲರನ್ನೂ ತಡೆದು ನಿಲ್ಲಿಸಿ ಮಾತಾಡಿದೆ. ಮುಖಾಮುಖಿ ಕೂತರೆ ಮಾತ್ರ ಸಭೆ. ತೆರೆಯ ಮೇಲೆ ಕೂತದ್ದು ಎಂಟು ಒಂಟಿತನಗಳ ಪ್ರದರ್ಶನ. ಮ್ಯೂಟ್ ಗುಂಡಿ ಯಾರ ಕೈಯಲ್ಲಿದೆಯೋ ಅಧಿಕಾರ ಅವನದು.

"ಮ್ಯೂಟ್ ಗುಂಡಿ ಸಾಹೇಬ್ರ ಕೈಲಿದ್ರೆ ನಮಗೇ ಲಾಭ ಅಲ್ವೇನೇ?" ಎಂದ ಗಡ್ಡದಣ್ಣ.

ಅವಳಿ ಮಕ್ಕಳ ಅಪ್ಪ ಮಾತ್ರ ನನ್ನ ಪರವಾಗಿ ಕೈ ಎತ್ತಿದ. "ನಾನಂತೂ ಬರ್ತೀನಪ್ಪ. ಈ ಮನೆಯೊಳಗೆ ನಾನು ಬಾತ್‌ರೂಮಲ್ಲಿ ಕೂತು ಕೆಲಸ ಮಾಡ್ತಿದೀನಿ." ಅವನ ಹಿಂದೆ ನಿಜವಾಗಿಯೂ ಟವೆಲ್ ನೇತಾಡುತ್ತಿತ್ತು. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯ ಕಥೆ ಹೇಳತೊಡಗಿದರು. ಮೂರು ವರ್ಷ ಯಾರೂ ಹೇಳಿರಲಿಲ್ಲ. ಮನವಿ ಬರೆಯಲು ನನಗೇ ಒಪ್ಪಿಸಿದರು.

ದೊಡ್ಡಕ್ಕನ ಚೌಕ ಮಾತ್ರ ಕಪ್ಪಾಗಿಯೇ ಇತ್ತು.

ಜನವರಿ 19, ಗುರುವಾರ

ಮನವಿ ಸಿದ್ಧ. ಮೂರು ಬೇಡಿಕೆ. ಮಹಡಿಯನ್ನು ಉಳಿಸಿಕೊಳ್ಳಬೇಕು. ಸೋಮವಾರದ ಸಭೆ ಮೇಜಿನ ಸುತ್ತಲೇ ನಡೆಯಬೇಕು. ಎಲ್ಲರೂ ಹಾಜರಿರಬೇಕು, ಯಾರಿಗೂ ವಿನಾಯಿತಿ ಇಲ್ಲ.

ಮೂರನೆಯದೇ ಇದರ ಬೆನ್ನೆಲುಬು. ವಿನಾಯಿತಿ ಎಂಬುದು ಆಡಳಿತದವರು ಹೊಡೆಯುವ ಬೆಣೆ. ಇವತ್ತು ಒಬ್ಬರಿಗೆ ಕೊಡುತ್ತಾರೆ, ನಾಳೆ ನಾಲ್ವರಿಗೆ, ಆಮೇಲೆ ಮೇಜೂ ಇಲ್ಲ, ಸಂಘವೂ ಇಲ್ಲ. ಪುಸ್ತಿಕೆಯ ಹದಿನೇಳನೆಯ ಪುಟ.

ದೊಡ್ಡಕ್ಕನಿಗೆ ಓದಿ ಹೇಳಿದೆ. ಅವರು, "ಕಳಿಸು, ನಾನೇ ಓದ್ಕೋತೀನಿ" ಅಂದರು. ಓದಿದ ಮೇಲೆ, "ಚೆನ್ನಾಗಿ ಬರ್ದಿದೀಯ. ಮೂರನೇದ್ರಲ್ಲಿ ಒಂದು ಸಾಲು ಸೇರಿಸ್ತೀಯಾ? ಆಗದವರು ವಿಡಿಯೊದಲ್ಲಿ ಬರಬಹುದು ಅಂತ."

"ಯಾರಿಗೆ ಆಗಲ್ಲ ದೊಡ್ಡಕ್ಕ?"

"ಯಾರಿಗಾದ್ರೂ."

"ಯಾರಿಗಾದ್ರೂ ಅಂತ ಬರೆದ್ರೆ ಎಲ್ಲರಿಗೂ ಅಂತ ಓದ್ಕೋತಾರೆ ಅವರು. ಇದು ತತ್ವದ ಪ್ರಶ್ನೆ."

"ತತ್ವಕ್ಕೆ ಒಂದು ಕಿಟಕಿ ಇಟ್ರೆ ಗೋಡೆ ಬಿದ್ದುಹೋಗುತ್ತಾ?"

ಒಳ್ಳೆಯ ಮಾತೇ. ಆದರೆ ಇಂಥ ಒಳ್ಳೆಯ ಮಾತುಗಳಿಂದಲೇ ಎಷ್ಟೋ ಹೋರಾಟಗಳು ಮಣ್ಣುಪಾಲಾಗಿವೆ. ನಾನು ಸಾಲು ಸೇರಿಸಲಿಲ್ಲ.

ಜನವರಿ 21, ಶನಿವಾರ

ಎಲ್ಲರ ಸಹಿ ಬಂದಿದೆ, ದೊಡ್ಡಕ್ಕನದು ಬಿಟ್ಟು. ಆರಾಮದ ಅಭ್ಯಾಸ ಎಂಥ ಹಿರಿಯರನ್ನೂ ಮೆತ್ತಗೆ ಮಾಡುತ್ತದೆ. ಒಬ್ಬರ ಸಹಿ ಇಲ್ಲದಿದ್ದರೂ ಇದು ಒಗ್ಗಟ್ಟಲ್ಲ ಎಂದು ಅವರಿಗೆ ಉದ್ದದ ಸಂದೇಶ ಕಳಿಸಿದೆ. ಸ್ವಲ್ಪ ಖಾರವಾಗಿಯೇ.

ಜನವರಿ 23, ಸೋಮವಾರ

ಸಹಿ ಹಾಕಿದರು. ಜೊತೆಗೆ ಒಂದೂ ಮಾತಿಲ್ಲ. ಮನವಿ ಹೋಯಿತು!

ಜನವರಿ 29, ಭಾನುವಾರ

ಚಿಕ್ಕಮ್ಮನ ಫೋನ್. "ಯಾರಾದ್ರೂ ಸ್ನೇಹಿತರು ಆದ್ರೇನೇ?" ಎಂದು ಪ್ರತಿ ಭಾನುವಾರದ ಪ್ರಶ್ನೆ.

"ಇದ್ದಾರೆ ಚಿಕ್ಕಮ್ಮ."

"ಹೆಸರು ಹೇಳು ನೋಡೋಣ."

ದೊಡ್ಡಕ್ಕ ಅಂದೆ. "ಅದು ಹೆಸರೇನೇ? ಮುಖ ಹೇಗಿದೆ ಹೇಳು." ನನಗೆ ಗೊತ್ತಿಲ್ಲ ಎಂದು ಹೇಗೆ ಹೇಳಲಿ? ಕನ್ನಡಕ ಹಾಕುತ್ತಾರೆ ಎಂದು ಸುಳ್ಳು ಹೇಳಿದೆ.

ನಾನು ಒಂಟಿಯಲ್ಲ. ಒಂಟಿತನ ಎಂಬುದು ವ್ಯಕ್ತಿಯ ಕಾಯಿಲೆಯಲ್ಲ, ವ್ಯವಸ್ಥೆಯ ಉತ್ಪನ್ನ. ಹಾಗಂತ ಚಿಕ್ಕಮ್ಮನಿಗೂ ವಿವರಿಸಿದೆ. "ಸರಿ ಸರಿ, ಹೊಟ್ಟೆಗೇನು ಮಾಡ್ಕೊಂಡೆ?" ಅಂದರು.

ಫೆಬ್ರವರಿ 3, ಶುಕ್ರವಾರ

ಗೆದ್ದೆವು! ಗೆದ್ದೆವು! ಮಹಡಿ ಉಳಿಯಿತು. ಮೂರೂ ಬೇಡಿಕೆಗೆ ಒಪ್ಪಿಗೆ, ಮೂರನೆಯದಕ್ಕಂತೂ ಮೇಲಿನವರು ವಿಶೇಷವಾಗಿ ಖುಷಿಪಟ್ಟರಂತೆ. ಸಾಹೇಬರು ಹೇಳಿದರು: "ಶಿಸ್ತನ್ನ ನೀವೇ ಕೇಳ್ಕೊಂಡು ಬಂದ ಹಾಗಾಯ್ತು ನೋಡಿ." ಅವರ ನಗು ನನಗೆ ಹಿಡಿಸಲಿಲ್ಲ. ಇರಲಿ.

ಹೊಸ ಶೂ ತೊಟ್ಟು ಕೋಣೆಯೊಳಗೇ ಓಡಾಡಿದೆ. ಮನೆಯಲ್ಲೇ ಇರುವವಳಿಗೆ ಶೂ ಯಾಕೆಂದು ಎರಡು ವರ್ಷ ಡಬ್ಬಿಯಲ್ಲೇ ಇತ್ತು ಅದು.

ಫೆಬ್ರವರಿ 6, ಸೋಮವಾರ

ಎಲ್ಲವನ್ನೂ ಬರೆಯಬೇಕು, ಒಂದನ್ನೂ ಬಿಡಬಾರದು.

ಎಲ್ಲರಿಗಿಂತ ಮೊದಲು ತಲುಪಿದೆ. ಕಾವಲಿನವರು ದೀಪದ ಗುಂಡಿ ಹುಡುಕುತ್ತಿದ್ದರು. ಕುರ್ಚಿಗಳ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಗೋಡೆಯ ಕ್ಯಾಲೆಂಡರ್ ಮೂರು ವರ್ಷದ ಹಿಂದಿನದು. ಮೇಜು ಮಾತ್ರ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು, ಅಂಡಾಕಾರದ್ದು, ಒಂದು ಕಡೆ ಉದ್ದಕ್ಕೂ ಕಿಟಕಿ. ನನ್ನ ಕರವಸ್ತ್ರದಲ್ಲಿ ಒರೆಸಿದೆ. ಖಾನೆ ಎಳೆದರೆ ಅಲ್ಲಿತ್ತು ಕೆಂಪು ಕಾರು! ಮುಂದಿನ ಒಂದು ಚಕ್ರ ಸೊಟ್ಟ, ಬಾನೆಟ್ಟಿನ ಬಣ್ಣ ಪೂರ್ತಿ ಹೋಗಿದೆ.

ಒಬ್ಬೊಬ್ಬರೇ ಬಂದರು. ತೆರೆಯಲ್ಲಿ ಎಲ್ಲರೂ ಒಂದೇ ಅಳತೆ. ಇಲ್ಲಿ ನೋಡಿದರೆ ಗಡ್ಡದಣ್ಣ ನನ್ನ ಭುಜದವರೆಗೆ ಬರುತ್ತಾನೆ, ಅಷ್ಟೆ. "ನೋಡ್ಕೋ ನೋಡ್ಕೋ, ಗಡ್ಡ ಸೇರಿಸಿ ಅಳೆಯಬೇಕು" ಎಂದು ಅವನೇ ನಕ್ಕ. ಅವಳಿ ಮಕ್ಕಳ ಅಪ್ಪ ಕುರ್ಚಿಯಲ್ಲಿ ಕೂತು, "ಆಹಾ, ಬಾಗಿಲು ಬಡಿಯೋರಿಲ್ಲ" ಎಂದು ಕಣ್ಣು ಮುಚ್ಚಿದ.

ದೊಡ್ಡಕ್ಕ ಕೊನೆಗೆ ಬಂದರು. ಕನ್ನಡಕವಿಲ್ಲ. ತೆಳ್ಳಗಿನ ಉದ್ದ ಮುಖ, ಕಿವಿ ಮುಚ್ಚುವಂತೆ ಇಳಿಬಿಟ್ಟ ನರೆಗೂದಲು. ಓಡಿಹೋಗಿ ಕೈ ಹಿಡಿದುಕೊಂಡೆ. ಅವರು ನನ್ನ ಕೆನ್ನೆ ಮುಟ್ಟಿ, "ಇಷ್ಟು ಸಣ್ಣಗಿದೀಯಾ ನೀನು!" ಅಂದರು. ಅದೇ ದನಿ. ಕಪ್ಪು ಚೌಕಕ್ಕೆ ಕೊನೆಗೂ ಒಂದು ಮುಖ.

ಕಿಟಕಿಗೆ ಬೆನ್ನು ಮಾಡಿ ನಾನು ಅಧ್ಯಕ್ಷೆಯ ಹಾಗೆ ಕೂತೆ. ಅವರನ್ನು ನನ್ನ ಎದುರಿಗೇ ಕೂರಿಸಿದೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು! ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು, ನಗು, ಕುರ್ಚಿಯ ಕಿರಕಿರ. ತೆರೆಯಲ್ಲಿ ಈ ಜಾತ್ರೆ ಎಲ್ಲಿತ್ತು? ಕೆಂಪು ಕಾರು ಕೈಯಿಂದ ಕೈಗೆ ಹಾರಿತು. ನಾನೂ ಗುದ್ದಿಸಿದೆ. ಲೋಟ ಉರುಳಿತು, ಗಡ್ಡದಣ್ಣನ ತೊಡೆಯ ಮೇಲೆ ಚಹಾ.

ದೊಡ್ಡಕ್ಕ ಎಲ್ಲಕ್ಕೂ ನಗುತ್ತಿದ್ದರು. ಆದರೆ ಒಂದು ಕೇಸಿಗೂ ಬಾಯಿ ತೆರೆಯಲಿಲ್ಲ. ಮೊದಲ ದಿನ, ಭಾವುಕರಾಗಿರಬೇಕು.

ಫೆಬ್ರವರಿ 8, ಬುಧವಾರ

ನಿನ್ನೆಯೂ ಇವತ್ತೂ ದೊಡ್ಡಕ್ಕನ ಕರೆ ಇಲ್ಲ. ಫೋಟೊ ಕಳಿಸಿದರೆ, "ನೀನೇ ನೋಡು, ಗೊತ್ತಾಗುತ್ತೆ" ಎಂದು ಮರುಸಂದೇಶ.

ಬ್ರೆಡ್ಡು ತಿಂದೆ.

ಫೆಬ್ರವರಿ 13, ಸೋಮವಾರ

ಮನಸ್ಸು ಕೆಟ್ಟಿದೆ. ಹಸಿರು ಕಾರಿನ ಕೇಸು. ಒಬ್ಬ ಶಾಲಾ ಶಿಕ್ಷಕಿಯದು. ಕಾರಿನ ಪಕ್ಕೆಗೆ ಉದ್ದಕ್ಕೂ ಗೀರು, ನಿಲ್ಲಿಸಿದ್ದಾಗ ಯಾರೋ ಉಜ್ಜಿಕೊಂಡು ಹೋದರು ಎಂದು ಆಕೆಯ ಹೇಳಿಕೆ. ಸಾಹೇಬರಿಗೆ ಅದನ್ನು ತಳ್ಳಿಹಾಕಬೇಕಿತ್ತು. ಗೀರು ಮುಂದಿನಿಂದ ಹಿಂದಕ್ಕೋ, ಹಿಂದಿನಿಂದ ಮುಂದಕ್ಕೋ, ಅದರ ಮೇಲೆ ಎಲ್ಲವೂ ನಿಂತಿತ್ತು. ದೊಡ್ಡಕ್ಕ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಂಥದ್ದನ್ನು ಅವರು ಫೋಟೊ ತೆರೆಯುವಷ್ಟರಲ್ಲಿ ಹೇಳಿಬಿಡುತ್ತಾರೆ.

"ದೊಡ್ಡಕ್ಕ, ನಿಮ್ಮ ಅಭಿಪ್ರಾಯ?" ಎಂದು ಕೇಳಿದೆ. ಅವರು ನನ್ನನ್ನು ನೋಡಿದರು, ಸಾಹೇಬರನ್ನು ನೋಡಿದರು, ನಕ್ಕು ತಲೆಯಾಡಿಸಿದರು. ಸಾಹೇಬರು, "ಸರಿ, ದೊಡ್ಡಕ್ಕನೂ ಒಪ್ಪಿದ್ರು" ಎಂದು ತಳ್ಳಿಹಾಕಿದರು. ಆ ಶಿಕ್ಷಕಿ ನಿಜವನ್ನೇ ಹೇಳಿದ್ದಳು ಎಂದು ನನಗೆ ಅನ್ನಿಸುತ್ತಿದೆ.

ಮೆಟ್ಟಿಲಿಳಿಯುವಾಗ ಅವರ ಬೆನ್ನ ಹಿಂದಿನಿಂದಲೇ ಗಟ್ಟಿಯಾಗಿ ಹೇಳಿದೆ: "ಕತ್ತಲ ಚೌಕದಲ್ಲಿ ಸಿಂಹ, ಸಾಹೇಬರ ಮುಂದೆ ಇಲಿ. ಇದಕ್ಕಾ ನಾವು ಬಡಿದಾಡಿದ್ದು?" ಅವರು ತಿರುಗಲೂ ಇಲ್ಲ, ಉತ್ತರಿಸಲೂ ಇಲ್ಲ, ಹಾಗೇ ಇಳಿದುಹೋದರು. ಗಡ್ಡದಣ್ಣ, "ಏಯ್, ಹಿರಿಯರು ಕಣೆ" ಎಂದು ಗದರಿದ.

ಹಿರಿಯರಾದರೇನು. ತತ್ವ ದೊಡ್ಡದು.

ಫೆಬ್ರವರಿ 16, ಗುರುವಾರ

ದೊಡ್ಡಕ್ಕ ರಾಜೀನಾಮೆ ಕೊಟ್ಟಿದ್ದಾರೆ. ತಿಂಗಳ ಕೊನೆಗೆ ಬಿಡುತ್ತಾರಂತೆ. ಕಾರಣ ಬರೆದಿಲ್ಲ.

ಫೆಬ್ರವರಿ 18, ಶನಿವಾರ

ಮುಖಾಮುಖಿ ಕೇಳಿಬಿಡೋಣ ಎಂದು ಅವರ ಮನೆ ಹುಡುಕಿಕೊಂಡು ಹೋದೆ. ಬಸ್ಸಿನಲ್ಲಿ ನಿಂತುಕೊಂಡು ಏನೇನು ಹೇಳಬೇಕೆಂದು ಸಾಲುಸಾಲಾಗಿ ಜೋಡಿಸಿಕೊಂಡಿದ್ದೆ. ಹೋರಾಟದ ನಡುವೆ ಕೈಬಿಡುವುದು ಎಂದರೇನು, ಇತ್ಯಾದಿ.

ಮೂರನೆಯ ಮಹಡಿ, ಓಣಿಯ ಕೊನೆಯ ಬಾಗಿಲು. ಕರೆಗಂಟೆ ಒತ್ತಿದೆ. ಗಂಟೆಯ ಸದ್ದೇ ಬರಲಿಲ್ಲ. ಬಾಗಿಲ ಪಕ್ಕದ ಕಿಟಕಿಯೊಳಗೆ, ಹಜಾರದ ಮೂಲೆಯಲ್ಲಿ, ಒಂದು ದೀಪ ಮಿಣಮಿಣ ಮಿಂಚಿತು. ಕೈ ತೆಗೆದೆ, ದೀಪ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಮಿಂಚಿತು. ಕೆಟ್ಟಿದೆ ಅಂದುಕೊಂಡು ಮೂರನೆಯ ಸಲ ಒತ್ತುವಷ್ಟರಲ್ಲಿ ದೊಡ್ಡಕ್ಕ ಬಾಗಿಲು ತೆರೆದರು. ಕೂದಲನ್ನು ಹಿಂದಕ್ಕೆ ಎತ್ತಿ ಕಟ್ಟಿದ್ದರು.

ನಾನು ಜೋಡಿಸಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದೆ. ಅವರು ನನ್ನ ತೋಳು ಹಿಡಿದು ಒಳಗೆ ಕರೆದು, ಕಿಟಕಿಯ ಕಡೆಗೆ ಮುಖ ಮಾಡಿಸಿ ಕೂರಿಸಿದರು.

"ಈಗ ಹೇಳು. ನಿಧಾನಕ್ಕೆ. ಬಾಯಿ ಬಿಟ್ಟು ಹೇಳು."

ಆಗ ಗೊತ್ತಾಯಿತು.

ಮನೆಯಿಂದ ಕೆಲಸ ಶುರುವಾದ ವರ್ಷವೇ ಎರಡೂ ಕಿವಿ ಮಂದವಾಗತೊಡಗಿತಂತೆ. ಈಗ ಬಹುತೇಕ ಏನೂ ಇಲ್ಲ. ಯಂತ್ರ ಹಾಕಿ ನೋಡಿದ್ದಾರೆ. "ಅದು ಹಾಕಿದ್ರೆ ಕೋಣೆ ಪೂರ್ತಿ ಗದ್ದಲ ಕೇಳ್ಸುತ್ತೆ ಕಣೆ, ಮಾತು ಮಾತ್ರ ಕೇಳ್ಸಲ್ಲ." ವಿಡಿಯೊದಲ್ಲಿ ಕೆಳಗೆ ಅಕ್ಷರ ಓಡುತ್ತವೆ, ಮಾತಾಡುವವರ ಚೌಕ ಹೊಳೆಯುತ್ತದೆ, ಒಂದು ಸಲಕ್ಕೆ ಒಂದೇ ಮುಖ. ಮುಖಕ್ಕೆ ಬೆಳಕಿದ್ದರೆ ತುಟಿಯೂ ಕಾಣುತ್ತದೆ. ಅಲ್ಲಿ ಅವರು ಎಲ್ಲರಷ್ಟೇ ಕೇಳುವವರು. ತಾವು ಹಾಗೆ ತೆರೆಯ ಹತ್ತಿರ ಬಗ್ಗಿ ಓದುವುದು ಯಾರಿಗೂ ಕಾಣಬಾರದೆಂದು ಕ್ಯಾಮೆರಾ ಬಂದ್.

"ನೀನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದೆ" ಅಂದರು. "ನಿನ್ನ ಮುಖ ಬರೀ ಕಪ್ಪು. ಉಳಿದೋರೆಲ್ಲ ಒಟ್ಟಿಗೇ ಮಾತಾಡ್ತಿದ್ರು. ಯಾರ ಕಡೆ ನೋಡೋದು ಅನ್ನೋಷ್ಟರಲ್ಲಿ ಮಾತು ಮುಗಿದುಹೋಗ್ತಿತ್ತು. ನಗೋದೊಂದೇ ಉಳಿದಿದ್ದು. ಆ ಹಸಿರು ಕಾರಲ್ಲಿ ಏನು ಕೇಳಿದ್ರೋ ಇವತ್ತಿಗೂ ಗೊತ್ತಿಲ್ಲ ನಂಗೆ."

"ಹೇಳಬಹುದಿತ್ತಲ್ಲ ದೊಡ್ಡಕ್ಕ! ನಿಮಗೆ ಹಕ್ಕಿದೆ. ಕಂಪನಿ ಏನೂ ಮಾಡೋ ಹಾಗಿಲ್ಲ."

"ಏನೂ ಮಾಡಲ್ಲ. ಅಯ್ಯೋ ಪಾಪ ಅಂತಾರೆ. ಆಮೇಲೆ ಸುಲಭದ ಕೇಸು ಕೊಡ್ತಾರೆ. ಆಮೇಲೆ ನನ್ನ ಎದುರಿಗೇ ಕೂತು ನನ್ನ ಬಗ್ಗೆ ಮಾತಾಡ್ತಾರೆ. ನಮ್ಮಪ್ಪನಿಗೂ ಕಿವಿ ಹೀಗೇ ಹೋಗಿತ್ತು. ಕೊನೆಗೆ ಮನೇಲೇ ಯಾರೂ ಅವರನ್ನ ಏನೂ ಕೇಳ್ತಿರ್ಲಿಲ್ಲ. ನಾನೂ ಕೇಳ್ತಿರ್ಲಿಲ್ಲ."

ಇದನ್ನು ಎತ್ತಿಕೊಂಡು ಹೋರಾಡೋಣ ಅಂದೆ. ಹೊಸ ಮನವಿ ಬರೆಯುತ್ತೇನೆ ಅಂದೆ. ಅವರು ನನ್ನ ಕೈ ಮೇಲೆ ಕೈ ಇಟ್ಟು ತಡೆದರು.

"ನಾನು ನಿನ್ನ ಪುಸ್ತಿಕೆಗೆ ಉದಾಹರಣೆ ಆಗಲ್ಲ ಕಣಮ್ಮ. ಯಾರಿಗೂ ಹೇಳಬೇಡ. ಆಣೆ ಮಾಡು."

ಆಣೆ ಮಾಡಿದೆ. ಮೆಟ್ಟಿಲ ಮೇಲೆ ನಾನು ಆಡಿದ ಮಾತು ಅವರಿಗೆ ಕೇಳಿಸಿರಲಿಲ್ಲ. ಅದು ಸಮಾಧಾನವಾಗಬೇಕಿತ್ತು.

ಹೊರಡುವಾಗ ಕೇಳಿದೆ: "ಕೆಲಸ ಬಿಟ್ಟು ಏನ್ಮಾಡ್ತೀರಿ?"

"ಗೊತ್ತಿಲ್ಲ. ನಂಗೆ ಬರೋದು ತಗ್ಗು ನೋಡೋದೊಂದೇ."

ಫೆಬ್ರವರಿ 19, ಭಾನುವಾರ

ಚಿಕ್ಕಮ್ಮನ ಫೋನ್ ಎತ್ತಲಿಲ್ಲ.

ಪುಸ್ತಿಕೆಗಳನ್ನೆಲ್ಲ ತಿರುವಿ ಹಾಕಿದೆ. ಹದಿನೇಳನೆಯ ಪುಟ ಸರಿಯಾಗಿಯೇ ಇದೆ. ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಆದರೆ ಅದನ್ನು ಬರೆದವನು ಯಾರ ಎದುರೂ ಕೂತು ಬರೆದಂತಿಲ್ಲ.

ಫೆಬ್ರವರಿ 20, ಸೋಮವಾರ

ದೊಡ್ಡಕ್ಕ ರಜೆ ಹಾಕಿದ್ದರು. ಮೇಜಿನ ಸುತ್ತ ಎಲ್ಲರೂ ಲವಲವಿಕೆಯಿಂದಿದ್ದರು. ಗಡ್ಡದಣ್ಣ ಬಿಸ್ಕತ್ತು ತಂದಿದ್ದ, ನನ್ನ ಕಡೆಗೆ ಎರಡು ಹೆಚ್ಚಾಗಿಯೇ ತಳ್ಳಿದ. "ತಿನ್ನೇ, ನಿನ್ನಿಂದ ತಾನೇ ಇದೆಲ್ಲ." ಅವಳಿ ಮಕ್ಕಳ ಅಪ್ಪ ಕ್ಷೌರ ಮಾಡಿಸಿಕೊಂಡು ಬಂದಿದ್ದ. ಈ ಮೂರು ಸೋಮವಾರಗಳಲ್ಲಿ ನನಗೆ ಇವರೆಲ್ಲರ ಹೆಜ್ಜೆಯ ಸದ್ದು ಗುರುತಾಗಿದೆ.

ಸಾಹೇಬರು ಹೋಗಲಿ, ಬಿಸ್ಕತ್ತು ಮುಗಿಯಲಿ ಎಂದು ಕಾದೆ. ಆಮೇಲೆ ಹೇಳಿದೆ: ಮೂರನೆಯ ಬೇಡಿಕೆ ತಿದ್ದಬೇಕು. ಬರಬೇಕೆನ್ನುವವರು ಬರಲಿ, ಆಗದವರು ವಿಡಿಯೊದಲ್ಲಿ ಕೂರಲಿ. ಯಾಕೆ ಎಂದು ಯಾರೂ ಯಾರನ್ನೂ ಕೇಳಬಾರದು.



"ತಮಾಷೆನಾ?" ಎಂದ ಗಡ್ಡದಣ್ಣ. "ಯಾರಿಗೂ ವಿನಾಯಿತಿ ಇಲ್ಲ ಅಂತ ನಮ್ಮ ಕೈಲಿ ಸಹಿ ಹಾಕಿಸಿದೋಳು ಯಾರು? ನಮ್ಮ ಮನೆ ಬೆಕ್ಕಾ?"

"ನಾನೇ."

"ಯಾರಿಗಂತೆ ಈಗ ಬರೋಕಾಗದೆ ಇರೋದು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಖಾಲಿ ಇದ್ದದ್ದು ಒಂದೇ ಕುರ್ಚಿ. ಇನ್ನು ಅರೆಗಳಿಗೆ ಬಿಟ್ಟಿದ್ದರೆ ಯಾರಾದರೂ ಆ ಕಡೆ ನೋಡುತ್ತಿದ್ದರು.

"ನನಗೆ" ಅಂದೆ.

"ನಿಂಗಾ!"

"ನನಗೇ. ಬರೋಕಾಗಲ್ಲ. ಕಾರಣ ಹೇಳಲ್ಲ."

ಅವಳಿ ಮಕ್ಕಳ ಅಪ್ಪನಿಗೆ ಭಯ. "ನೋಡಮ್ಮ, ಒಬ್ಬೊಬ್ಬರೇ ಬಿಟ್ರೆ ಮಹಡಿ ಕಿತ್ಕೋತಾರೆ. ನಾನು ಮತ್ತೆ ಬಾತ್‌ರೂಮಿಗೆ ಹೋಗಬೇಕಾ?" ನನ್ನದೇ ವಾದ, ನನ್ನದೇ ಮಾತುಗಳು. ಅವನು ಹೇಳುವಾಗ ಚೆನ್ನಾಗಿಯೇ ಕೇಳಿಸಿತು. ನಾನು ಬೇಡಿಕೊಂಡೆ. ಮಹಡಿ ಬಿಟ್ಟುಕೊಡಬೇಕಿಲ್ಲ, ಮೇಜು ಇರಲಿ, ಬರುವವರೆಲ್ಲ ಬರಲಿ. ಒಂದು ಸಾಲು ಮಾತ್ರ ಸೇರಲಿ. ಹಿಂದೆಂದೂ ನಾನು ಯಾರನ್ನೂ ಬೇಡಿಕೊಂಡಿರಲಿಲ್ಲ, ಒತ್ತಾಯಿಸಿಯೇ ಅಭ್ಯಾಸ.

"ಕ್ರಾಂತಿಗೆ ನಮ್ಮ ಮುಖ ನೋಡಿ ಸಾಕಾಯ್ತು" ಎಂದು ಗಡ್ಡದಣ್ಣ ಎದ್ದು ಕಿಟಕಿಯ ಹತ್ತಿರ ಹೋದ. ನಗುತ್ತಿರಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ತಿದ್ದಿದ ಮನವಿಗೆ ಸಹಿ ಹಾಕಿದರು, ಅವನು ಎಲ್ಲರಿಗಿಂತ ಕೊನೆಗೆ. ಪೆನ್ನನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಇಟ್ಟ.

ಫೆಬ್ರವರಿ 22, ಬುಧವಾರ

ಮನವಿ ಕೊಡಲು ಆಫೀಸಿಗೆ ಹೋದಾಗ ಸಾಹೇಬರು ಗೆದ್ದವರ ಹಾಗೆ ಹಿಂದಕ್ಕೆ ಒರಗಿದ್ದರು. "ಎರಡೇ ವಾರಕ್ಕೆ ಸುಸ್ತಾ? ನಿಮ್ಮ ವಯಸ್ಸಲ್ಲಿ ನಾನೂ ಹೀಗೇ ಇದ್ದೆ."

ಅವರು ನನ್ನ ವಯಸ್ಸಿನಲ್ಲಿ ಹೀಗಿದ್ದಿರಲಾರರು. ಆದರೆ ವಾದಕ್ಕೆ ಹೋಗಲಿಲ್ಲ. ಬೇಕಾದದ್ದನ್ನು ಕೇಳಿದೆ. ವಿಡಿಯೊದಲ್ಲಿ ಬರುವವರಿಗೆ ಕೆಳಗೆ ಅಕ್ಷರ ಓಡಬೇಕು, ಯಾಕೆಂದರೆ ನನ್ನ ಕೋಣೆಯ ಕೆಳಗೆ ಟೈರ್ ಅಂಗಡಿ ಇದೆ, ಗದ್ದಲ. ಮೇಜಿನಲ್ಲಿ ಮಾತಾಡುವವರು ಕೆಂಪು ಕಾರನ್ನು ಕೈಯಲ್ಲಿ ಹಿಡಿದೇ ಮಾತಾಡಬೇಕು, ಇಲ್ಲದಿದ್ದರೆ ಯಾರು ಮಾತಾಡುತ್ತಿದ್ದಾರೆಂದು ತೆರೆಯಲ್ಲಿ ನನಗೆ ತಿಳಿಯುವುದಿಲ್ಲ. ಕಿಟಕಿಗೆ ಬೆನ್ನು ಮಾಡಿ ಯಾರೂ ಕೂರಬಾರದು, ನನ್ನ ಕಣ್ಣಿಗೆ ಆಗುವುದಿಲ್ಲ.

"ಮನೇಲಿ ಕೂರೋದಕ್ಕೆ ಇಷ್ಟೊಂದು ಷರತ್ತಾ? ಸಿಂಹಾಸನವೊಂದು ಬೇಡ್ವಾ?" ಅಂದರು. ಬರೆದುಕೊಂಡರು. "ಆದ್ರೆ ಒಂದು ಮಾತು. ಇವತ್ತು ಬರ್ತೀನಿ, ನಾಳೆ ಬರಲ್ಲ ಅಂದ್ರೆ ಆಗಲ್ಲ. ವಿಡಿಯೊ ಅಂದೋರು ವರ್ಷಪೂರ್ತಿ ವಿಡಿಯೊ."

ಸಹಿ ಹಾಕಿದೆ.

ಬರುವಾಗ ಮೇಜಿನ ಕೋಣೆಗೆ ಹೋಗಿ ಕಾರಿನ ಸೊಟ್ಟ ಚಕ್ರವನ್ನು ನೆಟ್ಟಗೆ ಮಾಡಲು ನೋಡಿದೆ. ಆಗಲಿಲ್ಲ. ಖಾನೆಯೊಳಗೆ ಇಟ್ಟು ಬಂದೆ. ದೊಡ್ಡಕ್ಕನಿಗೆ ಒಂದೇ ಸಾಲು ಕಳಿಸಿದೆ: "ಇನ್ನು ವಿಡಿಯೊ ಇದೆ, ಯಾರೂ ಕಾರಣ ಕೇಳುವುದಿಲ್ಲ, ರಾಜೀನಾಮೆ ವಾಪಸ್ ತಗೊಳ್ಳಿ."

ತತ್ವದಲ್ಲಿ ನನ್ನ ನಿಲುವು ಬದಲಾಗಿಲ್ಲ. ಮುಖಾಮುಖಿ ಸಭೆಯೇ ಸಭೆ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಮುಂದೆ ಯಾರೂ ನನ್ನನ್ನು ದೂರಬಾರದು.

ಫೆಬ್ರವರಿ 25, ಶನಿವಾರ

ಮೇಜುದೀಪ ತಂದೆ. ಕತ್ತು ಬಗ್ಗಿಸಬಹುದಾದದ್ದು. ಶೂ ಡಬ್ಬಿಗೆ ಹಾಕಿದೆ.

ಫೆಬ್ರವರಿ 27, ಸೋಮವಾರ

ಸಭೆ ಆಯಿತು. ಕೋಣೆಯ ಮೂಲೆಯಲ್ಲಿ ಎತ್ತರಕ್ಕೆ ಕ್ಯಾಮೆರಾ ಇಟ್ಟಿದ್ದಾರೆ. ಅಲ್ಲಿಂದ ಮೇಜು ಚಿಕ್ಕದಾಗಿ, ಪೂರ್ತಿಯಾಗಿ ಕಾಣುತ್ತದೆ. ನಾನು ಕೂರುತ್ತಿದ್ದ ಕುರ್ಚಿಯನ್ನು ಗೋಡೆಗೆ ಸರಿಸಿದ್ದಾರೆ, ಕಿಟಕಿಗೆ ಅಡ್ಡವಾಗುತ್ತದೆಂದು. ನಾನೇ ಹೇಳಿದ್ದು.

ಮೊದಮೊದಲು ಕಾರು ಹಿಡಿದು ಮಾತಾಡಲು ಅವರಿಗೆ ನಾಚಿಕೆ. ಆಮೇಲೆ ಅಭ್ಯಾಸವಾಯಿತು. ಕೈಗೆ ಬಾರದೆ ಯಾರೂ ಬಾಯಿ ಹಾಕುವಂತಿಲ್ಲ. ಸಾಹೇಬರೂ ಕಾರಿಗಾಗಿ ಕೈಚಾಚಿ ಕಾದರು. ಗಡ್ಡದಣ್ಣ ಅದನ್ನು ಕ್ಯಾಮೆರಾ ಕಡೆ ಎತ್ತಿ ತೋರಿಸಿ, "ಮಹಾರಾಣಿಯವರಿಗೆ ಕಾಣಿಸ್ತಿದೆಯಾ?" ಅಂದ. ಎಲ್ಲರೂ ನಕ್ಕರು. ನಾನು ಹೆಬ್ಬೆರಳಿನ ಚಿತ್ರ ಒತ್ತಿದೆ.

ತೆರೆಯಲ್ಲಿ ನನ್ನ ಪಕ್ಕದಲ್ಲೇ ಕಪ್ಪು ಚೌಕ. "ಒಬ್ಬಳೇ ಕೂತ್ಕೊಳ್ಳೋದು ಬೇಡ ಪಾಪ, ಹುಡುಗಿಗೆ ಜೊತೆಯಾಗಿರ್ತೀನಿ" ಎಂದು ಹೇಳಿ ದೊಡ್ಡಕ್ಕ ರಾಜೀನಾಮೆ ವಾಪಸ್ ಪಡೆದು ವಿಡಿಯೊ ಆರಿಸಿಕೊಂಡರಂತೆ. ಎಲ್ಲರೂ ಅದನ್ನು ಅವರ ದೊಡ್ಡತನ ಅಂದುಕೊಂಡಿದ್ದಾರೆ. ಹಾಗೇ ಅಂದುಕೊಳ್ಳಲಿ.

ಹಸಿರು ಕಾರಿನ ಶಿಕ್ಷಕಿ ಮೇಲ್ಮನವಿ ಹಾಕಿದ್ದಳು. ಅವಳಿ ಮಕ್ಕಳ ಅಪ್ಪ ಕಾರು ಹಿಡಿದು ಕೇಸು ಓದಿದ. ಓದಿ ಮುಗಿಸುವಷ್ಟರಲ್ಲಿ ಕಪ್ಪು ಚೌಕ ಹೊಳೆಯಿತು.

"ಗೀರಿನ ಕೊನೆ ನೋಡ್ರಪ್ಪ. ಬಣ್ಣದ ಪುಡಿ ಮುಂದಿನ ಬಾಗಿಲ ಅಂಚಲ್ಲಿ ಗುಡ್ಡೆಯಾಗಿದೆ. ಹಿಂದಿನಿಂದ ಬಂದೋನು ಉಜ್ಜಿದಾನೆ. ಅವಳ ಕಾರು ನಿಂತೇ ಇತ್ತು. ನಿಜ ಹೇಳಿದಾಳೆ."

ಮೇಜಿನ ಸುತ್ತ ಎಲ್ಲರೂ ಫೋಟೊ ಕಡೆ ಬಗ್ಗಿದರು. ಸಾಹೇಬರು ಪರಿಹಾರ ಮಂಜೂರು ಮಾಡಿದರು. ಆಮೇಲೆ ಸಭೆ ಮುಗಿಯಿತು. ಮೇಜಿನಲ್ಲಿದ್ದವರೆಲ್ಲ ಎದ್ದು, ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಾ, ಏನೋ ಮಾತಾಡುತ್ತಾ ನಿಂತಿದ್ದರು. ಯಾರೋ ಕ್ಯಾಮೆರಾ ಆರಿಸಲು ಮರೆತಿದ್ದರು. ಗಡ್ಡದಣ್ಣ ಬಾಗಿಲ ಹತ್ತಿರ ಅವಳಿ ಮಕ್ಕಳ ಅಪ್ಪನ ಹೆಗಲ ಮೇಲೆ ಕೈ ಹಾಕಿದ. ದೀಪ ಆರುವವರೆಗೂ ನೋಡುತ್ತಾ ಕೂತಿದ್ದೆ. ಯಾಕೆ ನೋಡಿದೆನೋ.

ಮಧ್ಯಾಹ್ನ ದೊಡ್ಡಕ್ಕನ ಕರೆ. ಕಪ್ಪು ಚೌಕ ತೆರೆದುಕೊಂಡಿತು. ಅವರ ಮುಖ, ಹಿಂದಕ್ಕೆ ಕಟ್ಟಿದ ಕೂದಲು, ಹಿಂದೆ ಹಜಾರದ ಮೂಲೆಯ ದೀಪ.

"ಆ ಮೇಜಿಗಾಗಿ ಅಷ್ಟು ಬಡಿದಾಡಿದೋಳು, ಯಾಕೇ ಹೋಗ್ಲಿಲ್ಲ?"

"ದೂರ ಆಗುತ್ತೆ ದೊಡ್ಡಕ್ಕ. ಬೆಳಿಗ್ಗೆ ಏಳೋಕೂ ಸೋಮಾರಿತನ."

ಅವರು ತೆರೆಗೆ ಹತ್ತಿರ ಬಗ್ಗಿ ನನ್ನನ್ನೇ ನೋಡಿದರು. ತಗ್ಗು ನೋಡುವ ಹಾಗೆ.

"ಸುಳ್ಳು ಹೇಳೋವಾಗ ನೀನು ತುಟಿ ಒಳಗೆ ಎಳ್ಕೋತೀಯ. ಅವಾಗ ಓದೋಕೆ ಕಷ್ಟ ನಂಗೆ."

ಕೆಳಗೆ ಗಾಳಿಯ ಯಂತ್ರ ಬಡಿದುಕೊಳ್ಳುತ್ತಿತ್ತು. ನಾನು ದೀಪದ ಕತ್ತು ಬಗ್ಗಿಸಿ ಮುಖಕ್ಕೆ ಹಿಡಿದೆ.

"ಈಗ ಕಾಣಿಸ್ತಿದೆಯಾ?"

"ಕಾಣಿಸ್ತಿದೆ. ಈಗ ಹೇಳು. ಊಟ ಆಯ್ತಾ?"

"ಇಲ್ಲ" ಅಂದೆ, ಬಾಯಿ ಬಿಟ್ಟು, ನಿಧಾನಕ್ಕೆ.